ಹೆಸರಿನ ಹಿಂದೆ: ದಿಮಕುಲಾಂಗನ್

ಮಕ್ಕಳೇ, ಟೀಚರ್ ಹಾಜರಿ ಕರೆಯುವಾಗ ಎಲ್ಲರ ಮನೆತನದ ಹೆಸರೂ 'ರ'ಕಾರದಿಂದಲೇ ಶುರುವಾದರೆ ಹೇಗಿರುತ್ತದೆ? ಫಿಲಿಪೀನ್ಸ್ ದೇಶದ ಆಲ್ಬಾಯ್ ಪ್ರಾಂತ್ಯದ ಓವಾಸ್ ಎಂಬ ಊರಿನಲ್ಲಿ ಇಂದಿಗೂ ಹೆಚ್ಚುಕಡಿಮೆ ಹಾಗೆಯೇ!

ಇದಕ್ಕೆ ಕಾರಣ ಒಂದು ಸರ್ಕಾರಿ ಹುಕುಂ. ಹಿಂದೆ ಸ್ಪೇನಿನವರು ಆ ದ್ವೀಪಗಳನ್ನು ಆಳುತ್ತಿದ್ದಾಗ ಅಣ್ಣನಿಗೊಂದು, ತಮ್ಮನಿಗೊಂದು ಮನೆತನದ ಹೆಸರು ಇರುತ್ತಿತ್ತು. ಊರ ತುಂಬ ಸಾಂತೋಸ್, ದೆ ಲಾ ಕ್ರೂಸ್‌ಗಳೇ. ತೆರಿಗೆ ಕಟ್ಟಿದ ಸಾಂತೋಸ್ ಯಾರು, ತಪ್ಪಿಸಿಕೊಂಡ ಸಾಂತೋಸ್ ಯಾರು? ಗುಮಾಸ್ತರಿಗೆ ತಲೆನೋವು. 1849ರ ನವೆಂಬರ್ 21ರಂದು ಗವರ್ನರ್ ಜನರಲ್ ನಾರ್ಸಿಸೊ ಕ್ಲಾವೆರಿಯಾ ಆಜ್ಞೆ ಹೊರಡಿಸಿದರು. ಸುಮಾರು 60,000 ಹೆಸರುಗಳ ಪುಸ್ತಕದ ಹಾಳೆಗಳು ಊರೂರಿಗೆ ಹಂಚಿಕೆಯಾದವು. ಕೆಲವೆಡೆ ಒಂದೂರಿಗೆ ಒಂದೇ ಅಕ್ಷರ! ನಾಲ್ಕು ತಲೆಮಾರಿನಿಂದ ಒಂದೇ ಹೆಸರು ಉಳಿಸಿಕೊಂಡು ಬಂದ ಮನೆಗಳಿಗೆ ಮಾತ್ರ ವಿನಾಯಿತಿ.

ಹೀಗೆ ಬಂದ ಸ್ಪ್ಯಾನಿಷ್ ಹೆಸರುಗಳ ಸಂತೆಯಲ್ಲಿ ಅಪರೂಪಕ್ಕೆ ಸಿಗುವ ನಾಡ ಹೆಸರು ದಿಮಕುಲಾಂಗನ್. ಮನಿಲಾದ ದಕ್ಷಿಣಕ್ಕಿರುವ ಬತಾಂಗಾಸ್ ಕಡೆ ಇದು ಕಿವಿಗೆ ಬೀಳುತ್ತದೆ. ಅಲ್ಲಿನ ತಗಾಲೋಗ್ ಭಾಷೆಯಲ್ಲಿ 'ದಿ' ಎಂದರೆ ಆಗದು, 'ಕುಲಾಂಗ್' ಎಂದರೆ ಕೊರತೆ. ಅಂದರೆ, ಯಾರೂ ಕಡಿಮೆ ಮಾಡಲಾಗದವರು! ಇದರ ಜೊತೆಗಾರ ದಿಮಾಯುಗ, ಅಲುಗಾಡಿಸಲಾಗದವರು. ಪಾಪ, ಕತಕುತನ್ ಮನೆಯವರ ಹೆಸರಿನ ಅರ್ಥವೇ ಭಯ!

ಅಜ್ಜ ಅಜ್ಜಿಯರೇ, ನಾವು ಮುತ್ತಾತನ ಹೆಸರು ಹಿಡಿದು ವಂಶ ಹುಡುಕುತ್ತೇವಲ್ಲ, ಅಲ್ಲಿ ಅದು ಸುಲಭವಲ್ಲ. ಒಂದೇ ಹೆಸರಿನವರು ನೆಂಟರಲ್ಲದಿರಬಹುದು, ಬೇರೆ ಹೆಸರಿನವರು ಒಂದೇ ರಕ್ತದವರಿರಬಹುದು. ಚರ್ಚಿನ ಹಳೆಯ ನಾಮಕರಣದ ದಫ್ತರ ತಿರುವುತ್ತ ಹೋದ ಎಷ್ಟೋ ಮೊಮ್ಮಕ್ಕಳಿಗೆ 1849ರ ಹಿಂದಕ್ಕೆ ತಮ್ಮ ಮನೆತನದ ಹೆಸರೇ ಸಿಗುವುದಿಲ್ಲ.