ತಿನ್ನಲಾಗದ ಕೇಕಿನ ಪರವಾಗಿ

ಬೇಕರಿಯ ಗಾಜಿನ ಹಿಂದೆ ನಿಂತಿರುವ ಐದಂತಸ್ತಿನ ಮದುವೆ ಕೇಕಿನ ಒಳಗಿರುವುದು ಥರ್ಮಾಕೋಲ್, ಮೇಲಿರುವುದು ಗೋಡೆಗೆ ಬಳಿಯುವ ಪುಟ್ಟಿ ಎಂದು ತಿಳಿದ ಕೂಡಲೇ ಹಲವರ ಬಾಯಿಂದ ಬರುವ ಮಾತು ‘ಮೋಸ’. ಈಚೆಗೆ ಇದಕ್ಕೆ ತತ್ವದ ಬಣ್ಣವೂ ಬಂದಿದೆ: ತಿನ್ನುವ ವಸ್ತುವನ್ನು ತಿನ್ನಲಾಗದ್ದರಿಂದ ಮಾಡಿ ತೋರಿಸುವುದು ಸುಳ್ಳು, ಅದರಲ್ಲಿ ಕಲೆ ಇರಲಾರದು, ಅಂತ. ನಾನು ಇದನ್ನು ಒಪ್ಪುವುದಿಲ್ಲ. ನೋಡಲಿಕ್ಕೆಂದೇ ಇಡುವ ಕೇಕಿಗೆ ಕೃತಕ ಐಸಿಂಗ್ ಹಾಕುವುದು ತಪ್ಪಲ್ಲ; ಬಹಳ ಸಲ ಅದೇ ಸರಿ. ನಿಜವಾದ ತಪ್ಪು ನಡೆಯುತ್ತಿರುವುದು ಬೇರೆ ಕಡೆ.

ಮೋಸ ಎನ್ನಬೇಕಾದರೆ ಯಾರಾದರೂ ಏನನ್ನಾದರೂ ಕಳೆದುಕೊಂಡಿರಬೇಕು. ಗಿರಾಕಿ ಗಾಜಿನಾಚೆಯ ಮಾದರಿ ನೋಡಿ, ಇಂಥದ್ದೇ ಬೇಕು ಎಂದು ಹೇಳಿ, ಹಣ ಕೊಟ್ಟು, ಮೈದಾ, ಮೊಟ್ಟೆ, ಬೆಣ್ಣೆಯ ಕೇಕನ್ನೇ ಮನೆಗೆ ಒಯ್ಯುತ್ತಾನೆ. ಅವನು ಕಳೆದುಕೊಂಡದ್ದೇನು? ಮಾದರಿಯೂ ನಿಜವಾದದ್ದೇ ಆಗಿರಲಿ ಎನ್ನುವವರು ಅದರ ಪಾಡನ್ನು ಯೋಚಿಸಿದಂತಿಲ್ಲ. ತಾಜಾ ಕ್ರೀಮಿನ ಕೇಕ್ ಫ್ರಿಜ್ಜಿನಲ್ಲಿದ್ದರೂ ಕೆಲವೇ ದಿನ. ಬೆಣ್ಣೆ ಕ್ರೀಮ್ ದೀಪದ ಶಾಖಕ್ಕೆ ಕರಗಿ ಜಾರುತ್ತದೆ. ಮೊಟ್ಟೆಯ ಬಿಳಿಯನ್ನೂ ಸಕ್ಕರೆ ಪುಡಿಯನ್ನೂ ಕಲಸಿ ಮಾಡುವ ರಾಯಲ್ ಐಸಿಂಗ್ ಒಣಗಿದ ಮೇಲೆ ಕಲ್ಲಿನಂತಾಗಿ ಬಹಳ ಕಾಲ ಉಳಿಯುತ್ತದೆ, ನಿಜ. ಆದರೆ ಕರಾವಳಿಯ ಮಳೆಗಾಲದ ತೇವಕ್ಕೆ ಅದೂ ಮೆತ್ತಗಾಗುತ್ತದೆ, ಇರುವೆಗಳಿಗೆ ದಾರಿ ಹೇಳಿಕೊಡಬೇಕಾಗಿಲ್ಲ. ಆರು ತಿಂಗಳು ಧೂಳು ಕುಡಿದ ಸಕ್ಕರೆಯ ಗುಲಾಬಿಯನ್ನು ಯಾರು ಬಾಯಿಗಿಡುತ್ತಾರೆ? ತಿನ್ನಬಹುದಾದ ವಸ್ತು ಎಂಬ ಹೆಸರಷ್ಟೇ ಅದಕ್ಕೆ ಉಳಿದಿರುತ್ತದೆ. ಹಾಳಾದಾಗಲೆಲ್ಲ ಹೊಸದು ಮಾಡಿಡಬೇಕೆಂದರೆ ಅಷ್ಟು ಮೊಟ್ಟೆ, ಅಷ್ಟು ಬೆಣ್ಣೆ ಪ್ರತಿ ಸಲವೂ ಕಸದ ಡಬ್ಬಿಗೆ. ಅನ್ನವನ್ನು ಕಾಲಿಂದ ತುಳಿಯಬಾರದೆಂದು ಮಕ್ಕಳಿಗೆ ಹೇಳಿಕೊಡುವ ನಾವು ಇದನ್ನು ಪ್ರಾಮಾಣಿಕತೆ ಎಂದು ಕರೆಯುವುದು ಹೇಗೆ?

ಆಹಾರದ ಕೊರತೆ ನಿಜಕ್ಕೂ ಬಂದಾಗ ಜನ ಏನು ಮಾಡಿದರು ಎಂಬುದಕ್ಕೆ ಎರಡನೆಯ ಮಹಾಯುದ್ಧದ ಬ್ರಿಟನ್ ಇದೆ. 1940ರ ಜನವರಿಯಲ್ಲಿ ಅಲ್ಲಿ ಸಕ್ಕರೆಗೆ ಪಡಿತರ ಬಂತು. ಅದೇ ವರ್ಷ ಆಗಸ್ಟ್‌ನಲ್ಲಿ ಕೇಕಿನ ಮೇಲೆ ಸಕ್ಕರೆಯ ಐಸಿಂಗ್ ಹಾಕುವುದನ್ನೇ ಸರ್ಕಾರ ನಿಷೇಧಿಸಿತು. ಮದುವೆಗಳು ಮಾತ್ರ ನಿಲ್ಲಲಿಲ್ಲ. ಬೇಕರಿಯವರು ರಟ್ಟಿನ ಅಂತಸ್ತುಗಳನ್ನು ಕಟ್ಟಿ, ಪ್ಲಾಸ್ಟರ್ ಬಳಿದು, ಬಳ್ಳಿ ಹೂವು ಮೂಡಿಸಿ ಬಾಡಿಗೆಗೆ ಕೊಡತೊಡಗಿದರು. ನೆಂಟರು, ನೆರೆಯವರು ತಮ್ಮ ಪಡಿತರದಲ್ಲಿ ಉಳಿಸಿ ಕೊಟ್ಟದ್ದರಿಂದ ಬೇಯಿಸಿದ ಚಿಕ್ಕ ಕೇಕ್ ಆ ಹೊದಿಕೆಯ ಅಡಿಯಲ್ಲಿರುತ್ತಿತ್ತು. ಫೋಟೋ ಆದ ಮೇಲೆ ಹೊದಿಕೆಯನ್ನೆತ್ತಿ, ಒಳಗಿನದನ್ನು ಕತ್ತರಿಸಿ ಹಂಚುತ್ತಿದ್ದರು. ಆಮೇಲೆ ಆ ಹೊದಿಕೆ ಇನ್ನೊಂದು ಮದುವೆಗೆ ಹೋಗುತ್ತಿತ್ತು. ಸಕ್ಕರೆಯ ಪಡಿತರ ಮುಗಿದದ್ದು 1953ರಲ್ಲಿ. ಗಂಡನಾಗುವವನು ಮರುವಾರ ಯುದ್ಧಕ್ಕೆ ಹೊರಡಬೇಕಾಗಿದ್ದ ಆ ಮದುವೆಗಳಲ್ಲಿ, ಬಾಡಿಗೆಯ ಪ್ಲಾಸ್ಟರಿನ ಮುಂದೆ ನಗುತ್ತ ನಿಂತ ಹುಡುಗಿಯನ್ನು ಸುಳ್ಳುಗಾತಿ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಹಬ್ಬಕ್ಕೆ ಒಂದು ರೂಪ ಬೇಕು. ಹೊಟ್ಟೆಗೆ ಬೇಕಾದದ್ದು ಬೇರೆ, ಕಣ್ಣಿಗೆ ಬೇಕಾದದ್ದು ಬೇರೆ ಎಂಬುದನ್ನು ಆ ಜನ ಚೆನ್ನಾಗಿ ಬಲ್ಲವರಾಗಿದ್ದರು.

ನಾನು ಗೌರವಿಸುವ ಆಕ್ಷೇಪ ಒಂದಿದೆ, ಅದು ಸಕ್ಕರೆಯ ಕಲಾವಿದರದು. ಸಕ್ಕರೆ ಮೊಂಡು ವಸ್ತು. ಪಾಕ ಒಂದು ಎಳೆ ಹೆಚ್ಚಾದರೆ ಒಡೆಯುತ್ತದೆ, ಗಾಳಿಯಲ್ಲಿ ತೇವವಿದ್ದರೆ ಬಾಗುತ್ತದೆ. ಅದನ್ನು ಪಳಗಿಸುವುದರಲ್ಲೇ ಈ ಕಲೆಯ ಹಿರಿಮೆ ಇದೆ. ಪುಟ್ಟಿಯಲ್ಲಿ ಮಾಡಿದರೆ ಅದು ಬರೀ ಶಿಲ್ಪ, ಕೇಕಿನ ಕೆಲಸವಲ್ಲ ಎನ್ನುತ್ತಾರೆ ಅವರು. ಬೆಂಗಳೂರಿನಲ್ಲಿ 1970ರ ದಶಕದಿಂದ ನಡೆದು ಬಂದಿರುವ ಡಿಸೆಂಬರಿನ ಕೇಕ್ ಪ್ರದರ್ಶನದಲ್ಲಿ ಸಕ್ಕರೆಯ ಅರಮನೆಗಳ ಮುಂದೆ ಜನ ಬಾಯಿಬಿಟ್ಟು ನಿಲ್ಲುವುದೂ ಇದೇ ಕಾರಣಕ್ಕೆ: ಇದು ಸಕ್ಕರೆಯೇ? ಸ್ಪರ್ಧೆಯಲ್ಲಿ, ಸಕ್ಕರೆಯದೆಂದು ಹೇಳಿಕೊಳ್ಳುವ ಪ್ರದರ್ಶನದಲ್ಲಿ ಈ ಮಾತಿಗೆ ನಾನು ತಲೆಬಾಗುತ್ತೇನೆ. ಅಲ್ಲಿ ಪುಟ್ಟಿ ತಂದವನು ನಿಯಮ ಮುರಿದವನೇ. ಆದರೆ ಅದೇ ನಿಯಮವನ್ನು ಅಂಗಡಿಯ ಗಾಜಿಗೆ, ಕಲಿಯುವವರ ಮೇಜಿಗೆ ಹೇರುವುದು ಯಾಕೆ? ಪೈಪಿಂಗ್ ಬ್ಯಾಗಿನಲ್ಲಿ ತುಂಬಿರುವುದು ಕ್ರೀಮಾಗಲಿ ಪುಟ್ಟಿಯಾಗಲಿ, ದಳದ ತುದಿ ತೆಳ್ಳಗಾಗಬೇಕಾದರೆ ಅಂಗೈಯ ಒತ್ತಡ ಸರಿಯಾದ ಕ್ಷಣಕ್ಕೆ ಸಡಿಲಬೇಕು. ಆ ಕೈ ಒಂದೇ ದಿನದಲ್ಲಿ ಬರುವುದಿಲ್ಲ. ಕಲಿಯುವ ಹುಡುಗಿಯೊಬ್ಬಳು ದಿನವಿಡೀ ಬೆಣ್ಣೆ ಕ್ರೀಮಿನಲ್ಲಿ ಹೂ ಬಿಟ್ಟು ಕೆರೆದು ಬಿಸಾಡಲಿ ಎನ್ನುವುದು ಹಣವಿದ್ದವರ ಮಾತು.

ಹಾಗೆಂದು ‘ನೋಡಲು ಚೆನ್ನಾಗಿದ್ದರೆ ಸಾಕು, ಏನು ಬಳಿದರೇನು’ ಎನ್ನುವವರ ಪಕ್ಷವೂ ನನ್ನದಲ್ಲ.

ಯಾಕೆಂದರೆ ಅಪರಾಧ ಶುರುವಾಗುವುದು ಅಲ್ಲೇ, ನೋಡುವ ಕೇಕಿನ ಸಾಮಗ್ರಿ ತಿನ್ನುವ ಕೇಕಿಗೆ ಬಂದಾಗ. ಅಮೆರಿಕದ ರೋಡ್ ಐಲೆಂಡ್‌ನಲ್ಲಿ 2018ರಲ್ಲಿ ಹುಟ್ಟುಹಬ್ಬದ ಕೇಕ್ ತಿಂದ ಆರು ಮಕ್ಕಳು ವಾಂತಿ, ಭೇದಿಯಿಂದ ಬಳಲಿದರು. ಮಿರುಗಲೆಂದು ಬಳಿದಿದ್ದ ಪುಡಿಯಲ್ಲಿ ತಾಮ್ರ ತುಂಬಿತ್ತು. ಮರುವರ್ಷ ಮಿಸೌರಿಯಲ್ಲಿ ಮೊದಲ ಹುಟ್ಟುಹಬ್ಬದ ಕೇಕ್ ತಿಂದ ಮಗುವಿನ ರಕ್ತದಲ್ಲಿ ಸೀಸ ಕಂಡುಬಂತು; ಹೂಗಳಿಗೆ ಹಚ್ಚಿದ್ದ ಹಳದಿ ಪುಡಿಯ ಕಾಲು ಭಾಗ ಸೀಸವೇ ಆಗಿತ್ತು. ಇಂಥ ಪುಡಿಗಳ ಡಬ್ಬಿಯ ಮೇಲೆ ‘ವಿಷಕಾರಿಯಲ್ಲ’ ಎಂದು ಬರೆದಿರುತ್ತದೆ. ಹಾಗೆಂದ ಮಾತ್ರಕ್ಕೆ ಅದು ತಿನ್ನುವಂಥದ್ದಲ್ಲ, ಈ ವ್ಯತ್ಯಾಸ ತಿಳಿಯದೆ ಕೇಕ್ ಮಾಡಿ ಮಾರುವುದು ಮಗುವಿನ ಜೀವದ ಜೊತೆ ಆಡುವ ಆಟ. ಆ ಕೇಕುಗಳಲ್ಲಿ ಥರ್ಮಾಕೋಲ್ ಇರಲಿಲ್ಲ, ಪುಟ್ಟಿ ಇರಲಿಲ್ಲ. ಪೂರ್ತಿ ‘ನಿಜವಾದ’ ಕೇಕೇ. ಮೋಸ ಎಂಬ ಮಾತನ್ನು ಇದಕ್ಕೆ ಉಳಿಸಿಕೊಳ್ಳಬೇಕಿತ್ತು.

ಈಗ ಮದುವೆ ಮಂಟಪಗಳಲ್ಲಿ ಕೆಳಗಿನ ಒಂದು ಅಂತಸ್ತು ಮಾತ್ರ ಕೇಕ್, ಮೇಲಿನವೆಲ್ಲ ಡಮ್ಮಿ ಎಂಬ ಜೋಡಣೆಯೂ ಇದೆ. ಡಮ್ಮಿಗೂ ಸಕ್ಕರೆಯ ಫಾಂಡೆಂಟನ್ನೇ ಹೊದಿಸಿದರೆ ಭಯವಿಲ್ಲ; ಪುಟ್ಟಿಯದಾದರೆ ಕೇಕಿಗೆ ತಾಗದಂತೆ ನಡುವೆ ಹಲಗೆ ಇರಬೇಕು, ಪುಟ್ಟಿ ಹಿಂಡಿದ ನಾಜಲ್ ಮತ್ತೆಂದೂ ಕ್ರೀಮಿಗೆ ಬರಬಾರದು. ಗಾಜಿನ ಹಿಂದಿನ ಕೇಕಿನ ಬುಡದಲ್ಲಿ ‘ಇದು ನೋಡಲು ಮಾತ್ರ’ ಎಂದು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಒಂದು ಚೀಟಿ ಇರಲಿ. ಅಷ್ಟು ಮಾಡಿದ ಬೇಕರಿಯವನು ಯಾರಿಗೂ ಸಮಜಾಯಿಷಿ ಕೊಡಬೇಕಾಗಿಲ್ಲ.