ಕೈಕೆಲಸಕ್ಕೆ ಕೂಲಿ ಇಲ್ವಾ?

ಮಾರ್ಕೋನಹಳ್ಳಿಯಲ್ಲಿ ನಮ್ಮಮ್ಮ ಅಡಿಕೆ ಬೇಯಿಸಿದ ಚೊಗರಿನಲ್ಲಿ ಬಟ್ಟೆ ಅದ್ದಿ, ಪಟಿಕ ಹಾಕಿ ಬಣ್ಣ ನಿಲ್ಲಿಸಿ, ತಾನೇ ಲಂಗ ಹೊಲೀತಿದ್ದಳು. ಅದನ್ನ ಹಾಕ್ಕೊಂಡು ಸ್ಕೂಲಿಗೆ ಹೋಗೋಕೆ ನನಗೆ ನಾಚಿಕೆ. ಈಗ ಅಂಥದೇ ಕಂದು ಕುರ್ತಾಗೆ ಬೆಂಗಳೂರಲ್ಲಿ ಮೂರು ಸಾವಿರ ಕೊಟ್ಟು ‘ನ್ಯಾಚುರಲ್ ಡೈ’ ಅಂತ ಬೀಗ್ತೀನಿ. ಅಮ್ಮ ಮಾಡಿದ್ರೆ ಹವ್ಯಾಸ, ಅಂಗಡಿಯವರು ಮಾರಿದ್ರೆ ಬ್ರ್ಯಾಂಡ್. ಇದ್ಯಾವ ನ್ಯಾಯ ಸ್ವಾಮಿ?

ಹೆಗ್ಗೋಡಿನ ಚರಕದ ಹೆಣ್ಣುಮಕ್ಕಳೂ ಅಡಿಕೆ ಚೊಗರಲ್ಲಿ ಬಣ್ಣ ಹಾಕ್ತಾರೆ. ಕೈಉತ್ಪನ್ನಗಳಿಗೆ ಜಿಎಸ್‌ಟಿ ಬೇಡ ಎಂದು 2017ರಲ್ಲಿ ಪ್ರಸನ್ನ ಉಪವಾಸ ಕೂತರು. ನಾವು? ಫೋಟೋಗೆ ಲೈಕ್ ಒತ್ತಿ ಡಿಸ್ಕೌಂಟ್ ಸೇಲ್‌ಗೆ ಕಾದೆವು.

ಸರ್ಕಾರವನ್ನು ಬೈಯೋದು ಸುಲಭ. ಆದರೆ ಪಕ್ಕದ ಬೀದಿ ಟೈಲರಮ್ಮ ಐವತ್ತು ರೂಪಾಯಿ ಜಾಸ್ತಿ ಕೇಳಿದಾಗ ಚೌಕಾಸಿಗೆ ನಿಲ್ಲೋರು ನಾವೇ ಅಲ್ವಾ? ಕೈಮಗ್ಗದ ಮೇಲೆ ಅಷ್ಟು ಪ್ರೀತಿ ಇದ್ರೆ, ಮೊದಲು ಆ ಐವತ್ತು ಕೊಡಿ.