ತಂತಿಯ ದಪ್ಪ, ಶ್ರುತಿಯ ಲೆಕ್ಕ

ಈ ವಾರ ಒಂದು ತಪ್ಪೊಪ್ಪಿಗೆಯಿಂದಲೇ ಶುರು ಮಾಡುತ್ತೇನೆ. ನಮ್ಮ ಬೀದಿಯ ಹುಡುಗನೊಬ್ಬನಿಗೆ ಅವನ ಸೋದರಮಾವ ಅಮೆರಿಕದಿಂದ ಹಳೆಯ ರೆಸೋನೇಟರ್ ಗಿಟಾರೊಂದನ್ನು ತಂದುಕೊಟ್ಟಿದ್ದರು. ಬೆರಳಿಗೆ ಕೊಳವೆ ಸಿಕ್ಕಿಸಿಕೊಂಡು ತಂತಿಯ ಮೇಲೆ ಜಾರಿಸುತ್ತ ನುಡಿಸುವ ವಾದ್ಯ. "ಸಾರ್, ಕೊಳವೆ ಎಲ್ಲಿಟ್ಟರೂ ಆರೂ ತಂತಿ ಸೇರಿ ಒಂದೇ ಸ್ವರಮೇಳ ನುಡಿಯಬೇಕಂತೆ. ಹೇಗೆ ಶ್ರುತಿ ಮಾಡಲಿ?" ಎಂದು ಕೇಳಿದ. ನಾನೋ ದೊಡ್ಡ ಪಂಡಿತನಂತೆ, "ಮಧ್ಯದ ಮೂರು ತಂತಿಗಳನ್ನು ಎರಡೆರಡು ಮೆಟ್ಟು ಏರಿಸು, ಓಪನ್ ಎ ಸಿದ್ಧ" ಎಂದುಬಿಟ್ಟೆ. ಎಂಟು ದಿನಗಳಾದ ಮೇಲೆ ಗಿಟಾರನ್ನು ಮಗುವಿನಂತೆ ಎತ್ತಿಕೊಂಡು ಬಂದ. ಒಳಗಿನ ತಟ್ಟೆ ನಡುವೆ ಕುಸಿದಿತ್ತು. ಕಾಲೇಜಿನ ವಾರ್ಷಿಕೋತ್ಸವಕ್ಕೆ ಮೂರೇ ದಿನ ಉಳಿದಿತ್ತು.

ನನ್ನ ಲೆಕ್ಕ ಎಲ್ಲಿ ತಪ್ಪಿತು? ಈ ವಾದ್ಯದ ಹುಟ್ಟಿನಿಂದಲೇ ಹೇಳಬೇಕು. ವಿದ್ಯುತ್ ಗಿಟಾರ್ ಇನ್ನೂ ಬಳಕೆಗೆ ಬಾರದ ಕಾಲದಲ್ಲಿ, ವಾದ್ಯಮೇಳದ ಅಬ್ಬರದ ನಡುವೆ ಗಿಟಾರಿನ ದನಿ ಯಾರಿಗೂ ಕೇಳುತ್ತಿರಲಿಲ್ಲ. ಜಾರ್ಜ್ ಬೋಚಾಂಪ್ ಎಂಬ ವಾದಕನ ಬೇಡಿಕೆಗೆ ಲಾಸ್ ಏಂಜಲೀಸಿನ ಜಾನ್ ಡೋಪಿಯೆರಾ ಎಂಬ ಕುಶಲಕರ್ಮಿ ಗಿಟಾರಿನ ಹೊಟ್ಟೆಯೊಳಗೆ ತೆಳು ಅಲ್ಯೂಮಿನಿಯಂ ಶಂಕುಗಳನ್ನು ಕೂರಿಸಿದ. ಅದನ್ನು ತಯಾರಿಸಲು 1927ರಲ್ಲಿ ನ್ಯಾಷನಲ್ ಕಂಪನಿ ಹುಟ್ಟಿತು. ಒಂಟಿ ಶಂಕುವಿನ ನಮೂನೆಯಲ್ಲಿ ಬೋರಲು ಕೊಡೆಯಂಥ ತಟ್ಟೆಯ ನೆತ್ತಿಯ ಮೇಲೆ ಮರದ ಬಿಲ್ಲೆಯೊಂದು ಕೂರುತ್ತದೆ. ಅದರ ಹೆಸರೇ ಬಿಸ್ಕತ್ತು! ಅದರ ಮೇಲೆ ಕುದುರೆ, ಕುದುರೆಯ ಮೇಲೆ ತಂತಿಗಳು. ಅವು ಕೆಳಕ್ಕೆ ಒತ್ತುವ ಭಾರವನ್ನೆಲ್ಲ ಆ ತೆಳು ತಟ್ಟೆಯೇ ಹೊರಬೇಕು.

ಭಾರವೆಂದರೆ ಎಷ್ಟು? ಸಾಮಾನ್ಯ ಶ್ರುತಿಯಲ್ಲಿ, ಅಂಗುಲದ ಸಾವಿರದ 13 ಪಾಲು ದಪ್ಪದ ಮೊದಲ ತಂತಿಯ ಸೆಳೆತವೊಂದೇ ಸುಮಾರು 12 ಕಿಲೋ. 13ರಿಂದ 56ರವರೆಗಿನ ಆರು ತಂತಿಗಳ ಕಟ್ಟಿನದು ಒಟ್ಟು 80 ಕಿಲೋ ಮೀರುತ್ತದೆ. ಇಷ್ಟೂ ನೇರವಾಗಿ ತಟ್ಟೆಯ ಮೇಲೆ ಬೀಳುವುದಿಲ್ಲ ನಿಜ. ಆದರೆ ಸೆಳೆತ ಹೆಚ್ಚಿದಂತೆ ಒತ್ತಡವೂ ಹೆಚ್ಚುತ್ತದೆ. ಫ್ರಾನ್ಸಿನ ಮೆರ್ಸೆನ್ 1636ರಲ್ಲೇ ಬರೆದಿಟ್ಟ ನಿಯಮದಂತೆ, ಶ್ರುತಿ ಎರಡು ಮೆಟ್ಟು ಏರಿದರೆ ಆ ತಂತಿಯ ಸೆಳೆತ ನೂರಕ್ಕೆ 26ರಷ್ಟು ಏರುತ್ತದೆ. ನಾನು ಮೂರು ತಂತಿಗಳನ್ನು ಹಾಗೆ ಬಿಗಿಸಿದ್ದೆ. ಹಳೆಯ ತಟ್ಟೆ ತಾಳಲಿಲ್ಲ.

ಹಾಗಾದರೆ ಇಳಿಸಿದರೆ ಕ್ಷೇಮವೇ? ಓಪನ್ ಜಿ ಶ್ರುತಿಗೆ, ಅಂದರೆ ಡಿ ಜಿ ಡಿ ಜಿ ಬಿ ಡಿಗೆ, ಮೊದಲನೆಯ, ಐದನೆಯ ಹಾಗೂ ಆರನೆಯ ತಂತಿಗಳನ್ನು ಎರಡು ಮೆಟ್ಟು ಇಳಿಸಬೇಕು. ತಟ್ಟೆ ಉಳಿಯುತ್ತದೆ, ಆದರೆ ಆ ತಂತಿಗಳ ಬಿಗಿ ನೂರಕ್ಕೆ 20ರಷ್ಟು ಸೋರಿಹೋಗುತ್ತದೆ. ಸಡಿಲ ತಂತಿಯ ಮೇಲೆ ಕೊಳವೆ ಇಟ್ಟರೆ ಅದು ಬಾಗಿ ಮೆಟ್ಟಿಗೆ ತಗಲಿ ಕಟಕಟ ಎನ್ನುತ್ತದೆ, ಸ್ವರವೂ ಅಲುಗಾಡುತ್ತದೆ. ಪರಿಹಾರ ದಪ್ಪದಲ್ಲಿದೆ. ಎರಡು ಮೆಟ್ಟು ಇಳಿಸುವ ತಂತಿ ನೂರಕ್ಕೆ 12ರಷ್ಟು ದಪ್ಪವಿದ್ದರೆ ಹಳೆಯ ಬಿಗಿಯೇ ಸಿಗುತ್ತದೆ. 13ರ ಜಾಗಕ್ಕೆ 15, 45ರ ಜಾಗಕ್ಕೆ ಸುಮಾರು 50, 56ರ ಜಾಗಕ್ಕೆ 60ರ ಆಸುಪಾಸು. ಮೇಲೆ ತಂತಿ ಸುತ್ತಿದ ದಪ್ಪ ತಂತಿಗಳಿಗೆ ಇದು ಅಂದಾಜು ಮಾತ್ರ. ಮಿಕ್ಕ ಮೂರನ್ನು ಮುಟ್ಟಬೇಕಾಗಿಲ್ಲ. ಓಪನ್ ಡಿಯಲ್ಲಾದರೆ ಎರಡನೆಯ ತಂತಿಯೂ ಎರಡು ಮೆಟ್ಟು ಇಳಿಯುತ್ತದೆ. 17ರ ಬದಲು 19 ಹಾಕಿ.

ಇನ್ನೊಂದು ಎಚ್ಚರಿಕೆ. ತೊಡೆಯ ಮೇಲಿಟ್ಟು ನುಡಿಸುವ ಚೌಕ ಕತ್ತಿನ ಡೋಬ್ರೋಗಳಿಗೆ ಜಿ ಬಿ ಡಿ ಜಿ ಬಿ ಡಿ ಎಂಬ ಶ್ರುತಿಯುಂಟು. ಅದರಲ್ಲಿ ಆರನೆಯ ತಂತಿ ಮೂರು ಮೆಟ್ಟು ಏರುತ್ತದೆ, ಸೆಳೆತ ನೂರಕ್ಕೆ 41ರಷ್ಟು ಹೆಚ್ಚುತ್ತದೆ. ಆ ದಪ್ಪ ಕತ್ತು ತಡೆದೀತು. ದುಂಡು ಕತ್ತಿನ ವಾದ್ಯಕ್ಕೆ ಆ ಶ್ರುತಿಯ ತಂತಿಕಟ್ಟನ್ನು ಹಾಕುವ ಸಾಹಸ ಬೇಡ. ಓಪನ್ ಎ ಬೇಕೇ ಬೇಕೆಂದರೆ ಓಪನ್ ಜಿಯಲ್ಲಿಟ್ಟು ಎರಡನೆಯ ಮೆಟ್ಟಿಗೆ ಕೇಪೋ ಹಾಕಿ.

ಇದೆಲ್ಲ ನಮ್ಮ ತಂಬೂರಿಯವರಿಗೆ ಹೊಸದೇನಲ್ಲ. ಹೆಂಗಸರ ಶ್ರುತಿಯ ತಂಬೂರಿಯ ತಂತಿಗಳನ್ನು ಗಂಡಸರ ಶ್ರುತಿಯದಕ್ಕೆ ಯಾರೂ ಕಟ್ಟುವುದಿಲ್ಲ. ಗೊತ್ತಿದ್ದೂ ಗಿಟಾರಿನ ವಿಷಯದಲ್ಲಿ ನನಗೆ ಹೊಳೆಯಲಿಲ್ಲ.

ಹೊಸ ತಟ್ಟೆ ಹೊರದೇಶದಿಂದ ಬರಲು ಎರಡು ತಿಂಗಳಾಯಿತು. ದುಡ್ಡು ನಾನೇ ಕೊಟ್ಟೆ. ಆದರೆ ತಪ್ಪಿಹೋದ ವಾರ್ಷಿಕೋತ್ಸವವನ್ನು ಕೊಡಲಾದೀತೇ? ಹುಡುಗ ಒಂದು ಮಾತೂ ಆಡಲಿಲ್ಲ. ಹೊಸ ತಂತಿ ಕಟ್ಟಿ, ಓಪನ್ ಜಿಗೆ ಇಳಿಸಿ, ನಮ್ಮ ಜಗಲಿಯ ಮೇಲೇ ಕೂತು ಮೊದಲ ಸಲ ನುಡಿಸಿದ. ಈಗ ಯಾರಾದರೂ ಶ್ರುತಿಯ ಸಲಹೆ ಕೇಳಿದರೆ ನಾನು ಬಿರಡೆಯ ಮಾತೆತ್ತುವುದಿಲ್ಲ. "ಯಾವ ತಂತಿ ಹಾಕಿದ್ದೀಯಪ್ಪ?" ಎಂದು ಮೊದಲು ಕೇಳುತ್ತೇನೆ.